ಬೇರ್ಪಡುವ ಕಾಲದ ಎಚ್ಚರ

ಕೆಲವು ವರ್ಷಗಳ ಹಿಂದೆ ತಾಯಿಯೊಬ್ಬರು ಧ್ವನಿ ಒಡೆದಿದೆಯೆಂದು ನಮ್ಮ ಚಿಕಿತ್ಸಾಲಯಕ್ಕೆ ಬಂದರು. ಜ್ಯೇಷ್ಠಮಧುವಿನ ಚೂರ್ಣ ಕೊಡಲಿದ್ದೆವು. ಅಷ್ಟರಲ್ಲಿ ಸೆರಗು ಸರಿದು ಕೊರಳ ಮೇಲೆ ಬೆರಳಿನ ಗುರುತು ಕಂಡಿತು. ತವರಿಗೆ ಹೋಗುವೆನೆಂದು ಅವರು ಹೇಳಿದ ರಾತ್ರಿಯೇ ಪತಿಯು ಕುತ್ತಿಗೆ ಹಿಸುಕಿದ್ದನು. "ಹೊಂದಿಕೊಂಡು ಹೋಗಮ್ಮ" ಎಂಬ ಮಾತು ನಮ್ಮ ನಾಲಿಗೆಯ ತುದಿಗೆ ಬಂದಿತ್ತು. ಹಿಂದೆ ಹಲವರಿಗೆ ಹಾಗೆ ಹೇಳಿಯೂ ಇದ್ದೆವು. ಅಂದು ಅದನ್ನು ನುಂಗಿಕೊಂಡು ಅವರನ್ನು ದೊಡ್ಡ ಆಸ್ಪತ್ರೆಗೆ ಕಳುಹಿಸಿದೆವು.

ಸಂಬಂಧ ಮುರಿದರೆ ಹಿಂಸೆಯೂ ಮುಗಿಯಿತೆಂದು ಹಲವರು ನಂಬುತ್ತಾರೆ. ವಾಸ್ತವವು ಇದಕ್ಕೆ ವಿರುದ್ಧವಾಗಿದೆ. ಇಂತಹ ಹಿಂಸೆಯ ಬೇರು ಹೆಚ್ಚಾಗಿ ಹಿಡಿತದ ಹಂಬಲದಲ್ಲಿರುತ್ತದೆ. ಹಿಡಿತ ತಪ್ಪುವುದೆಂದು ಅರಿವಾದಾಗ ಅದು ಉಲ್ಬಣಿಸುತ್ತದೆ. ಆದ್ದರಿಂದ ಮನೆ ಬಿಡುವ ದಿನಗಳೂ ಅನಂತರದ ಕೆಲವು ತಿಂಗಳುಗಳೂ ಅತ್ಯಂತ ಅಪಾಯಕರ.

ಮಲಮೂತ್ರಾದಿ ವೇಗಗಳನ್ನು ತಡೆಯಬಾರದು, ಆದರೆ ಕ್ರೋಧ, ಈರ್ಷ್ಯೆ, ಪರಪೀಡನೆಗಳ ವೇಗವನ್ನು ತಡೆಯಲೇಬೇಕು ಎಂಬುದು ಚರಕಸಂಹಿತೆಯ ಬೋಧೆ. ಕೈ ಎತ್ತುವುದಕ್ಕೆ ಪಿತ್ತವನ್ನು ದೂರುವುದು ಸಲ್ಲದು, ಅದು ಪ್ರಜ್ಞಾಪರಾಧ.

ಅಪಾಯದ ಲಕ್ಷಣಗಳು ಇವು: ಕುತ್ತಿಗೆ ಹಿಸುಕುವುದು, ಕೊಲ್ಲುವೆನೆಂದು ಅಥವಾ ತಾನೇ ಸಾಯುವೆನೆಂದು ಬೆದರಿಸುವುದು, ಆಯುಧ ತೋರಿಸುವುದು, ಹೋದಲ್ಲೆಲ್ಲ ಹಿಂಬಾಲಿಸುವುದು, ಗರ್ಭಿಣಿಯನ್ನು ಹೊಡೆಯುವುದು. ಕುತ್ತಿಗೆ ಹಿಸುಕಿದಾಗ ಹೊರಗೆ ಗುರುತೇ ಇಲ್ಲದಿರಬಹುದು. ಧ್ವನಿ ಬದಲಾವಣೆ, ನುಂಗಲು ಕಷ್ಟ, ಉಸಿರಾಟದ ತೊಂದರೆ, ಕಣ್ಣಲ್ಲಿ ಕೆಂಪು ಚುಕ್ಕೆ ಇದ್ದರೆ ಮನೆಮದ್ದು ಬೇಡ. ಒಳಗಿನ ರಕ್ತನಾಳಕ್ಕೆ ಪೆಟ್ಟಾಗಿದ್ದರೆ ದಿನಗಳ ಬಳಿಕವೂ ಪ್ರಾಣಾಪಾಯವುಂಟು. ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಮನೆ ಬಿಡಲು ನಿಶ್ಚಯಿಸಿದವರು ದಿನವನ್ನು ಪತಿಗೆ ಮುಂಚಿತವಾಗಿ ತಿಳಿಸದಿರುವುದು ಕ್ಷೇಮ. ದಾಖಲೆಪತ್ರ, ಸ್ವಲ್ಪ ಹಣ, ಮಕ್ಕಳ ಔಷಧಿಗಳನ್ನು ನಂಬಿಕಸ್ಥರಲ್ಲಿ ಇರಿಸಬೇಕು. "ಕೊನೆಯ ಸಲ ಮಾತಾಡೋಣ" ಎಂದು ಕರೆದರೆ ಒಬ್ಬರೇ ಹೋಗಬಾರದು. ತುರ್ತಿಗೆ 112, ಮಹಿಳಾ ಸಹಾಯವಾಣಿಗೆ 181. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ, 2005ರ ಪ್ರಕಾರ ಮನೆ ಪತಿಯ ಹೆಸರಿನಲ್ಲಿದ್ದರೂ ಪತ್ನಿಗೆ ಅಲ್ಲಿ ವಾಸಿಸುವ ಹಕ್ಕಿದೆ. ನ್ಯಾಯಾಲಯದಿಂದ ರಕ್ಷಣಾದೇಶ ಪಡೆಯಬಹುದು. ಮಹಿಳೆಯರಿಗೆ ಕಾನೂನು ನೆರವು ಉಚಿತ. ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಸಂರಕ್ಷಣಾಧಿಕಾರಿಗಳು.

ಹಿರಿಯರಲ್ಲಿ ನಮ್ಮದೊಂದು ಬಿನ್ನಹ. ಮಗಳು ಗಾಯದೊಡನೆ ಬಾಗಿಲಿಗೆ ಬಂದಾಗ ರಾಜಿಯ ಮಾತನ್ನು ಮೊದಲು ಎತ್ತಬೇಡಿರಿ. ಮೊದಲು ಒಳಗೆ ಕರೆಯಿರಿ. ಮನೆತನದ ಮರ್ಯಾದೆಯನ್ನು ಮುಂದೆ ಸರಿಪಡಿಸಿಕೊಳ್ಳಬಹುದು. ಹೋದ ಪ್ರಾಣವನ್ನು ತರುವ ಔಷಧ ನಮ್ಮ ಯಾವ ಶಾಸ್ತ್ರದಲ್ಲಿಯೂ ಇಲ್ಲ.