ನೌಕರಿಯ ನೆರಳು, ಸ್ವೋದ್ಯಮದ ಹಾದಿ

ಶಿವಮೊಗ್ಗ ನಗರದಿಂದ ಸವಳಂಗದ ಕಡೆಗೆ ಹೋಗುವ ರಸ್ತೆಯಲ್ಲಿ ನವುಲೆ ಎಂಬ ಊರಿದೆ. 1980ರಲ್ಲಿ ಇಲ್ಲಿ ಜವಾಹರಲಾಲ್ ನೆಹರೂ ಅವರ ಹೆಸರಿನ ಎಂಜಿನಿಯರಿಂಗ್ ಕಾಲೇಜು ಆರಂಭವಾಯಿತು. ಅಂದಿನಿಂದ ಸಾವಿರಾರು ತರುಣ ತರುಣಿಯರು ಇಲ್ಲಿ ಕಲಿತು ಹೊರಬಂದಿದ್ದಾರೆ. ಹಾಗೆ ಹೊರಬಂದವರ ಮುಂದೆ ಎರಡು ಹಾದಿಗಳು ತೆರೆದುಕೊಳ್ಳುತ್ತವೆ. ಒಂದು, ತಿಂಗಳು ತಿಂಗಳಿಗೆ ಸಂಬಳ ತರುವ ನೌಕರಿಯ ಹಾದಿ. ಇನ್ನೊಂದು, ಲಾಭನಷ್ಟಗಳೆರಡನ್ನೂ ತಾನೇ ಹೊರಬೇಕಾದ ಸ್ವೋದ್ಯಮದ ಹಾದಿ. ಮೊದಲನೆಯದರಲ್ಲಿ ನಡೆಯುತ್ತಿರುವವನಿಗೆ ಎರಡನೆಯದರ ಆಸೆ ಹುಟ್ಟಿದಾಗ ಮನೆಯಲ್ಲಿ ಚರ್ಚೆ ಏಳುವುದು ಸಹಜ. ‘ಕೈಯಲ್ಲಿರುವ ಕೆಲಸ ಬಿಟ್ಟು ಯಾವ ಧೈರ್ಯದ ಮೇಲೆ ಹೊರಡುತ್ತೀಯಪ್ಪಾ?’ ಎಂದು ತಂದೆ ಕೇಳುತ್ತಾರೆ. ಈ ಪ್ರಶ್ನೆ ಮಗನ ಮೇಲಿನ ಅಪನಂಬಿಕೆಯಿಂದ ಹುಟ್ಟಿದ್ದಲ್ಲ; ಬದುಕನ್ನು ಕಂಡ ಅನುಭವದಿಂದ ಹುಟ್ಟಿದ್ದು.

ಆ ಅನುಭವವನ್ನು ತಿಳಿಯಬೇಕಾದರೆ ಸಮೀಪದ ಭದ್ರಾವತಿಯನ್ನು ನೋಡಬೇಕು. ಹಿಂದೆ ಬೆಂಕಿಪುರವೆಂದು ಕರೆಯಲ್ಪಡುತ್ತಿದ್ದ ಈ ಊರಿನಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರ ದೂರದೃಷ್ಟಿಯ ಫಲವಾಗಿ 1923ರಲ್ಲಿ ಕಬ್ಬಿಣದ ಕಾರ್ಖಾನೆ ಕೆಲಸ ಆರಂಭಿಸಿತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಇದ್ದಿಲು, ಭದ್ರಾ ನದಿಯ ನೀರು ಇವೆಲ್ಲವೂ ಅಲ್ಲಿ ಕೂಡಿದವು. 1936ರಲ್ಲಿ ಮೈಸೂರು ಕಾಗದದ ಕಾರ್ಖಾನೆಯೂ ಸ್ಥಾಪನೆಯಾಯಿತು. ಈ ಎರಡು ಕಾರ್ಖಾನೆಗಳು ಸಹಸ್ರಾರು ಕುಟುಂಬಗಳಿಗೆ ಅನ್ನವನ್ನೂ ವಸತಿಯನ್ನೂ ಮಕ್ಕಳಿಗೆ ವಿದ್ಯೆಯನ್ನೂ ಒದಗಿಸಿದವು. ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತೆಂದರೆ ಬದುಕು ದಡ ಸೇರಿತೆಂದೇ ಜನ ಭಾವಿಸಿದರು. ಹೀಗಿರುವಾಗ ಹಿರಿಯರು ನೌಕರಿಯನ್ನು ಗೌರವಿಸಿದ್ದರಲ್ಲಿ ಆಶ್ಚರ್ಯವೇನಿದೆ?

ಆದರೆ ಕಾಲಚಕ್ರ ಒಂದೇ ಕಡೆ ನಿಲ್ಲುವುದಿಲ್ಲ. ಬೆಳೆಯುತ್ತಾ ಹೋದ ನಷ್ಟದಿಂದ ಕಾಗದದ ಕಾರ್ಖಾನೆಯ ಉತ್ಪಾದನೆ 2015–16ರ ಹೊತ್ತಿಗೆ ಸ್ಥಗಿತಗೊಂಡಿತು. ಕಬ್ಬಿಣದ ಕಾರ್ಖಾನೆಗೆ ನೂರು ವರ್ಷ ತುಂಬಿದ 2023ರ ಜನವರಿಯಲ್ಲಿಯೇ ಅದನ್ನು ಮುಚ್ಚುವ ತೀರ್ಮಾನ ಹೊರಬಿದ್ದಿತು. ಕಾರ್ಮಿಕರು ಹೋರಾಡಿದರು, ಊರಿನ ಜನ ಅವರ ಜೊತೆ ನಿಂತರು. ಅದೇ ವರ್ಷದ ಆಗಸ್ಟ್‌ನಲ್ಲಿ ಉತ್ಪಾದನೆಯ ಒಂದು ಭಾಗ ಪುನಃ ಆರಂಭವಾಯಿತು. ಒಡೆಯನಿಗೆ ನಷ್ಟವಾದರೆ ಆಳಿಗೂ ಅದರ ಬಿಸಿ ತಾಗದೆ ಇರದು ಎಂಬ ಸತ್ಯವನ್ನು ಭದ್ರಾವತಿ ಕಲಿಸುತ್ತದೆ. ನೌಕರಿಯಲ್ಲಿ ಅಪಾಯ ಇಲ್ಲವೆಂದಲ್ಲ. ಅದು ಬಹುಕಾಲ ಕಣ್ಣಿಗೆ ಬೀಳುವುದಿಲ್ಲ, ಅಷ್ಟೆ.

ಹಾಗೆಂದು ನೌಕರಿ ಬಿಟ್ಟವರೆಲ್ಲ ಗೆದ್ದರೆಂದು ತಿಳಿಯಬಾರದು. ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಜಿ. ಆರ್. ಗೋಪಿನಾಥ್ ಅವರ ಜೀವನ ಈ ವಿಷಯದಲ್ಲಿ ಒಳ್ಳೆಯ ಪಾಠವಾಗಿದೆ. ಶಾಲಾಶಿಕ್ಷಕರ ಮಗನಾದ ಅವರು ಬಿಜಾಪುರದ ಸೈನಿಕ ಶಾಲೆಯಲ್ಲಿ ಓದಿ ಸೇನೆಯ ಅಧಿಕಾರಿಯಾದರು; 1971ರ ಯುದ್ಧದ ಕಾಲದಲ್ಲಿ ಸೇವೆ ಸಲ್ಲಿಸಿದರು. ಗೌರವ, ಸಂಬಳ, ಮುಂದೆ ಏರಬಹುದಾದ ಪದವಿ ಎಲ್ಲವೂ ಅಲ್ಲಿದ್ದವು. ಆದರೂ ಮೂವತ್ತು ತುಂಬುವ ಮೊದಲೇ ಅವರು ಸೇನೆಯನ್ನು ಬಿಟ್ಟು ಊರಿಗೆ ಮರಳಿದರು.

ಹೇಮಾವತಿ ಅಣೆಕಟ್ಟೆಯಿಂದಾಗಿ ಅವರ ಮನೆತನದ ಜಮೀನು ಮುಳುಗಡೆಯಾಗಿತ್ತು. ಅದಕ್ಕೆ ಬದಲಾಗಿ ಸರ್ಕಾರ ಕೊಟ್ಟದ್ದು ಅರಸೀಕೆರೆ ತಾಲ್ಲೂಕಿನ ಜಾವಗಲ್ ಬಳಿಯ ಬರಡು ನೆಲ. ನೀರಿಲ್ಲದ, ನೆರಳಿಲ್ಲದ ಆ ನೆಲದಲ್ಲಿ ಅವರು ಡೇರೆ ಹಾಕಿಕೊಂಡು ವಾಸಿಸಿದರು. ತೆಂಗಿನ ಸಸಿ ನೆಟ್ಟರು, ರೇಷ್ಮೆ ಸಾಕಿದರು. ಅನೇಕ ಬೆಳೆಗಳು ಕೈಕೊಟ್ಟವು, ಸಾಲವೂ ಆಯಿತು. ಆದರೆ ಪ್ರತಿಯೊಂದು ಸೋಲಿನಿಂದಲೂ ಅವರು ಕಲಿತರು. ಪರಿಸರಕ್ಕೆ ಒಗ್ಗುವ ಅವರ ರೇಷ್ಮೆ ಕೃಷಿಗೆ 1996ರಲ್ಲಿ ಅಂತಾರಾಷ್ಟ್ರೀಯ ರೋಲೆಕ್ಸ್ ಪ್ರಶಸ್ತಿ ದೊರೆಯಿತು. ಹಾಸನದಲ್ಲಿ ಮೋಟಾರು ಸೈಕಲ್ಲುಗಳ ಮಾರಾಟ, ಹೋಟೆಲು ಮುಂತಾದ ಉದ್ಯೋಗಗಳಲ್ಲೂ ಅವರು ಕೈಯಾಡಿಸಿದರು. 1997ರಲ್ಲಿ ಸೇನೆಯ ಗೆಳೆಯರೊಡನೆ ಹೆಲಿಕಾಪ್ಟರ್ ಸಂಸ್ಥೆಯನ್ನೂ, 2003ರಲ್ಲಿ ಏರ್ ಡೆಕ್ಕನ್ ಎಂಬ ವಿಮಾನ ಸಂಸ್ಥೆಯನ್ನೂ ಆರಂಭಿಸಿದರು. ಆಕಾಶದತ್ತ ತಲೆಯೆತ್ತಿ ನೋಡುವುದಷ್ಟೇ ಸಾಧ್ಯವಾಗಿದ್ದ ಎಷ್ಟೋ ಜನ ಅಗ್ಗದ ದರದ ಆ ವಿಮಾನಗಳಲ್ಲಿ ಮೊದಲ ಬಾರಿ ಪ್ರಯಾಣ ಮಾಡಿದರು.

ಕಥೆ ಇಲ್ಲಿಗೆ ಮುಗಿದಿದ್ದರೆ ಅದು ಬರಿಯ ಜಯಗಾಥೆಯಾಗುತ್ತಿತ್ತು. ಆದರೆ ನಷ್ಟ ಹೆಚ್ಚಿದ್ದರಿಂದ 2007ರಲ್ಲಿ ಏರ್ ಡೆಕ್ಕನ್‌ನ ಷೇರುಗಳು ಕಿಂಗ್‌ಫಿಷರ್ ಸಮೂಹದ ಕೈ ಸೇರಿದವು. ಮುಂದಿನ ವರ್ಷ ಎರಡೂ ಸಂಸ್ಥೆಗಳು ಒಂದಾದವು. 2012ರಲ್ಲಿ ಆ ಹಾರಾಟವೂ ನಿಂತಿತು. ಗೋಪಿನಾಥರು ಬಳಿಕ ಕಟ್ಟಿದ ಸರಕು ಸಾಗಣೆಯ ಸಂಸ್ಥೆಯೂ ಉಳಿಯಲಿಲ್ಲ. ಆದರೆ ಸಾಮಾನ್ಯನೂ ವಿಮಾನವೇರಬಹುದೆಂಬ ಅವರ ಕಲ್ಪನೆ ಅಳಿಯಲಿಲ್ಲ. ಉದ್ಯಮಿ ಸೋತರೂ ಅವನು ತೆರೆದ ಹಾದಿ ಜನರಿಗೆ ಉಳಿಯಬಹುದು.

ಶಿಡ್ಲಘಟ್ಟದಲ್ಲಿ ಹುಟ್ಟಿದ ಎನ್. ಆರ್. ನಾರಾಯಣಮೂರ್ತಿಯವರ ಕಥೆ ಇದಕ್ಕೆ ಪೂರಕವಾಗಿದೆ. ಅವರು ಮೊದಲು ಒಬ್ಬರೇ ಆರಂಭಿಸಿದ ಸಂಸ್ಥೆ ನೆಲಕಚ್ಚಿತು. ಅವರು ನಾಚದೆ ಮತ್ತೆ ನೌಕರಿಗೆ ಸೇರಿದರು, ಕೆಲಸ ಕಲಿತರು, ಜೊತೆಗಾರರನ್ನು ಕಂಡುಕೊಂಡರು. 1981ರಲ್ಲಿ ಆರು ಮಂದಿ ಸಹೋದ್ಯೋಗಿಗಳೊಡನೆ ಇನ್ಫೋಸಿಸ್ ಸಂಸ್ಥೆಯನ್ನು ಸ್ಥಾಪಿಸಿದಾಗ ಅವರ ಬಂಡವಾಳ, ಪತ್ನಿ ಸುಧಾ ಮೂರ್ತಿಯವರು ಉಳಿತಾಯದಿಂದ ಕೊಟ್ಟ ಹತ್ತು ಸಾವಿರ ರೂಪಾಯಿ. ಮನೆಯ ಖರ್ಚಿನ ಭಾರವನ್ನೂ ಆಕೆ ಹೊತ್ತರು. ಒಂದು ದೂರವಾಣಿ ಸಂಪರ್ಕಕ್ಕಾಗಿಯೇ ಆಗ ವರ್ಷದಷ್ಟು ಕಾಲ ಕಾಯಬೇಕಾಯಿತು. ಜಗತ್ತು ಹೊಗಳುವುದು ಹಾರಿದವನನ್ನು. ಆದರೆ ಹಾರುವವನ ಕಾಲಡಿಯ ನೆಲವನ್ನು ಹಿಡಿದು ನಿಂತವರೂ ಅಷ್ಟೇ ಗೌರವಕ್ಕೆ ಪಾತ್ರರು.

ಈ ಎರಡು ಜೀವನಗಳಿಂದ ವಿವೇಕಿಯಾದವನು ಕೆಲವು ಪ್ರಶ್ನೆಗಳನ್ನು ಕೇಳಿಕೊಳ್ಳಲು ಕಲಿಯುತ್ತಾನೆ. ತಾನು ಮಾಡಹೊರಟ ವಸ್ತು ಅಥವಾ ಸೇವೆ ಯಾರಿಗೆ ಬೇಕು? ಅದಕ್ಕೆ ಅವರು ಹಣ ಕೊಡುವರೆ? ಆದಾಯವಿಲ್ಲದೆ ಎಷ್ಟು ತಿಂಗಳು ಮನೆ ನಡೆಯಬಲ್ಲದು? ಸೋತರೆ ಆ ಸೋಲಿನ ಹೊರೆ ಯಾರ ಹೆಗಲ ಮೇಲೆ ಬೀಳುತ್ತದೆ? ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ಕಠಿಣವಾದುದು. ವೃದ್ಧ ತಂದೆತಾಯಿಯರ ಔಷಧಿಯ ಹಣವನ್ನೋ ತಂಗಿಯ ಓದಿನ ಹಣವನ್ನೋ ಅವರಿಗೆ ತಿಳಿಸದೆ ಪಣಕ್ಕೆ ಇಡುವುದು ಸಾಹಸವಲ್ಲ. ಅವರಿಗೆ ಎಲ್ಲವನ್ನೂ ತಿಳಿಸಿ, ಒಪ್ಪಿಗೆ ಪಡೆದು, ಹಾಸಿಗೆ ಇದ್ದಷ್ಟು ಕಾಲು ಚಾಚಿ ಹೊರಡುವುದೇ ನಿಜವಾದ ಸಾಹಸ.

ನೌಕರಿಯಲ್ಲಿಯೇ ಉಳಿದವನು ಹೇಡಿಯಲ್ಲ. ನಿಷ್ಠೆಯಿಂದ ದುಡಿಯುವ ಶಿಕ್ಷಕ, ದಾದಿ, ರೈಲು ಚಾಲಕ ಇವರಿಲ್ಲದೆ ಯಾವ ಉದ್ಯಮವೂ ಒಂದು ದಿನ ನಡೆಯದು. ನೌಕರಿ ಬಿಟ್ಟವನೆಲ್ಲ ವೀರನೂ ಅಲ್ಲ. ಮೇಲಧಿಕಾರಿಯ ಮೇಲಿನ ಕೋಪಕ್ಕೆ ಹೊರಟವನು ಹೊಸ ಕೆಲಸದ ಮೊದಲ ಕಷ್ಟಕ್ಕೇ ಕುಸಿಯಬಹುದು. ಬಿಡುವುದಕ್ಕಿಂತ ಏನನ್ನು ಹಿಡಿಯುವುದಕ್ಕಾಗಿ ಬಿಡುತ್ತಿದ್ದೇನೆ ಎಂಬ ಅರಿವು ಮುಖ್ಯ. ಆ ಅರಿವಿನೊಡನೆ ಉಳಿದವನಿಗೆ ಕೊರಗಿಲ್ಲ, ಹೊರಟವನಿಗೆ ಪಶ್ಚಾತ್ತಾಪವಿಲ್ಲ.

ಅಭ್ಯಾಸ

1. ಭದ್ರಾವತಿಯ ಹಿರಿಯರು ನೌಕರಿಯನ್ನು ಏಕೆ ಗೌರವಿಸಿದರು?
2. ‘ಉದ್ಯಮಿ ಸೋತರೂ ಅವನು ತೆರೆದ ಹಾದಿ ಜನರಿಗೆ ಉಳಿಯಬಹುದು.’ ಈ ಮಾತನ್ನು ಗೋಪಿನಾಥರ ಜೀವನದಿಂದ ಸಮರ್ಥಿಸಿರಿ.
3. ಇನ್ಫೋಸಿಸ್ ಸ್ಥಾಪನೆಯಲ್ಲಿ ಸುಧಾ ಮೂರ್ತಿಯವರ ಪಾತ್ರವೇನು?
4. ನಿಮ್ಮ ಊರಿನಲ್ಲಿ ಸ್ವಂತ ಉದ್ಯೋಗ ನಡೆಸುವ ಒಬ್ಬರನ್ನು ಕಂಡು, ಅವರ ಕಷ್ಟಸುಖಗಳನ್ನು ಹತ್ತು ವಾಕ್ಯಗಳಲ್ಲಿ ಬರೆಯಿರಿ.