ಮೀಮ್‌ನಲ್ಲಿ ಲುಪ್ತವಾದ ಮಾತು

ಅಲಂಕಾರಶಾಸ್ತ್ರವು ಹಳೆಯ ಕಾವ್ಯಗಳಿಗೆ ಮಾತ್ರ ಸಲ್ಲುವ ವಿದ್ಯೆ ಎಂಬ ಭಾವನೆ ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಲ್ಲಿಯೂ ಉಂಟು. ಆದರೆ ದಿನನಿತ್ಯ ನಮ್ಮ ಮೊಬೈಲಿಗೆ ಬಂದು ಬೀಳುವ ಮೀಮ್‌ಗಳ ಬಗೆಯನ್ನು ಅರಿಯಲು ಆ ಶಾಸ್ತ್ರವೇ ಒಳ್ಳೆಯ ಸಾಧನ. ‘ಮೀಮ್’ ಎಂಬ ಪದವನ್ನು ಜೀವವಿಜ್ಞಾನಿ ರಿಚರ್ಡ್ ಡಾಕಿನ್ಸ್ 1976ರಲ್ಲಿ ‘ದಿ ಸೆಲ್ಫಿಶ್ ಜೀನ್’ ಗ್ರಂಥದಲ್ಲಿ ಸೃಷ್ಟಿಸಿದರು. ಅನುಕರಣೆಯ ಮೂಲಕ ಒಬ್ಬರಿಂದೊಬ್ಬರಿಗೆ ಹರಡುವ ಸಾಂಸ್ಕೃತಿಕ ಘಟಕವೆಂಬುದು ಅವರು ಕೊಟ್ಟ ಅರ್ಥ. ಇಂದು ಅದು ಚಿತ್ರಕ್ಕೆ ಚುಟುಕು ಮಾತನ್ನು ಜೋಡಿಸಿದ ಅಂತರ್ಜಾಲದ ವಿನೋದಕ್ಕೆ ಹೆಸರಾಗಿ ನಿಂತಿದೆ.

ಒಂದು ಪ್ರಸಿದ್ಧ ಉದಾಹರಣೆಯನ್ನು ಪರಿಶೀಲಿಸೋಣ. ಸ್ಪೇನಿನ ಛಾಯಾಗ್ರಾಹಕ ಆಂಟೋನಿಯೋ ಗಿಯೆಮ್ ತೆಗೆದ ಚಿತ್ರವದು. ಪ್ರೇಯಸಿಯೊಡನೆ ನಡೆಯುತ್ತಿರುವ ಯುವಕನೊಬ್ಬ, ಹಾದುಹೋದ ಇನ್ನೊಬ್ಬ ಯುವತಿಯನ್ನು ಹಿಂದಿರುಗಿ ಮೆಚ್ಚುಗೆಯಿಂದ ನೋಡುತ್ತಾನೆ. ಪ್ರೇಯಸಿ ಅವನನ್ನು ಸಿಟ್ಟಿನಿಂದ ದಿಟ್ಟಿಸುತ್ತಾಳೆ. 2017ರಲ್ಲಿ ಈ ಚಿತ್ರ ಲೋಕವನ್ನೆಲ್ಲ ಸುತ್ತಿತು. ಯುವಕನ ಮೇಲೆ ‘ನಾನು’, ಪ್ರೇಯಸಿಯ ಮೇಲೆ ‘ನಾಳೆಯ ಪರೀಕ್ಷೆ’, ಇನ್ನೊಬ್ಬಳ ಮೇಲೆ ‘ಕ್ರಿಕೆಟ್’ ಎಂದು ಬರೆದರೆ ಮೀಮ್ ಸಿದ್ಧ.

ಉಪಮೆಗೆ ಉಪಮೇಯ, ಉಪಮಾನ, ಸಾಧಾರಣಧರ್ಮ, ಉಪಮಾವಾಚಕ ಎಂಬ ನಾಲ್ಕು ಅಂಗಗಳಿವೆ. ಇವುಗಳಲ್ಲಿ ಒಂದೋ ಹಲವೋ ಲೋಪಿಸಿದರೆ ಅದು ಲುಪ್ತೋಪಮೆ. ಮೇಲಿನ ಮೀಮ್‌ನಲ್ಲಿ ಬರೆದ ಹಣೆಪಟ್ಟಿಗಳು ಉಪಮೇಯ, ಚಿತ್ರದ ವ್ಯಕ್ತಿಗಳು ಉಪಮಾನ. ವಾಚಕವಿಲ್ಲ, ಸಾಧಾರಣಧರ್ಮವನ್ನೂ ಹೇಳಿಲ್ಲ. ಅದನ್ನು ತುಂಬುವವನು ನೋಡುಗ.

ಮೀಮ್‌ನ ಮನವೊಲಿಸುವ ಶಕ್ತಿ ಇರುವುದು ಈ ಲೋಪದಲ್ಲಿಯೇ. ಎಲ್ಲರೂ ಬಲ್ಲ ಮಾತನ್ನು ಭಾಷಣಕಾರನು ಹೇಳಬೇಕಿಲ್ಲ, ಕೇಳುಗನೇ ಸೇರಿಸಿಕೊಳ್ಳುತ್ತಾನೆ ಎಂದು ಅರಿಸ್ಟಾಟಲ್ ತನ್ನ ವಾಗ್ಮಿತೆಯ ಗ್ರಂಥದಲ್ಲಿ ವಿವರಿಸಿದ್ದಾನೆ. ಡೋರಿಯಸ್ ಒಲಿಂಪಿಕ್ ಪಂದ್ಯ ಗೆದ್ದನೆಂದರೆ ಸಾಕು, ಅಲ್ಲಿನ ಬಹುಮಾನ ಕಿರೀಟವೆಂದು ವಿವರಿಸಬೇಕಿಲ್ಲ. ನಾವೇ ಪೂರ್ಣಗೊಳಿಸಿದ ತರ್ಕ ನಮ್ಮದೇ ಎನಿಸುತ್ತದೆ; ನಮ್ಮದೆನಿಸಿದ್ದನ್ನು ನಾವು ಸುಲಭವಾಗಿ ಸಂಶಯಿಸುವುದಿಲ್ಲ. ಆಕ್ಷೇಪ ಬಂದರೆ ‘ತಮಾಷೆಗೆ ಅಂದದ್ದು’ ಎಂದು ಜಾರಿಕೊಳ್ಳಲು ಕರ್ತೃವಿಗೂ ದಾರಿಯಿರುತ್ತದೆ.

ಆದರೆ ಆ ದಾರಿ ಯಾವಾಗಲೂ ತೆರೆದಿರುವುದಿಲ್ಲ. 2018ರಲ್ಲಿ ಸ್ವೀಡನ್ನಿನ ಬಾನ್‌ಹೋಫ್ ಎಂಬ ಅಂತರ್ಜಾಲ ಕಂಪನಿ ಉದ್ಯೋಗದ ಜಾಹೀರಾತಿಗೆ ಇದೇ ಚಿತ್ರವನ್ನು ಬಳಸಿತು. ಯುವಕ ‘ನೀವು’, ಪ್ರೇಯಸಿ ‘ಈಗಿನ ಕೆಲಸ’, ಇನ್ನೊಬ್ಬಳು ‘ಬಾನ್‌ಹೋಫ್’. ಸ್ತ್ರೀಯರನ್ನು ಬದಲಾಯಿಸಬಹುದಾದ ವಸ್ತುಗಳಂತೆ ಕಾಣಿಸಿದೆಯೆಂದು ಅಲ್ಲಿನ ಜಾಹೀರಾತು ಪರಿಶೀಲನಾ ಸಂಸ್ಥೆ ಅದನ್ನು ಲಿಂಗತಾರತಮ್ಯವೆಂದು ನಿರ್ಣಯಿಸಿತು. ಅರ್ಥಾತ್, ಬಾಯಿಬಿಟ್ಟು ಹೇಳದ ಸಾಧಾರಣಧರ್ಮಕ್ಕೂ ಹೊಣೆಯುಂಟು.

ಈಗ ಇದೇ ಚಿತ್ರಕ್ಕೆ ನಮ್ಮ ಹಣೆಪಟ್ಟಿಗಳನ್ನು ಅಂಟಿಸೋಣ. ಯುವಕ ‘ಗಡಿನಾಡ ವಿದ್ಯಾರ್ಥಿ’, ಪ್ರೇಯಸಿ ‘ಕನ್ನಡ’, ಇನ್ನೊಬ್ಬಳು ‘ಮಲಯಾಳ’. ಕಾಸರಗೋಡಿನಲ್ಲಿ ಇದು ನಗು ತರಿಸೀತು. ಕನ್ನಡದ ಪರವಾದ ಕಾಳಜಿಯಂತೆಯೂ ತೋರೀತು. ಲೋಪಿಸಿದ ಮಾತನ್ನು ಪೂರ್ಣವಾಕ್ಯವಾಗಿ ಬರೆಯಿರಿ: ‘ಇನ್ನೊಂದು ಭಾಷೆಯನ್ನು ಒಲಿಯುವುದು ತಾಯ್ನುಡಿಗೆ ಬಗೆದ ದ್ರೋಹ.’ ಹೀಗೆ ಬರೆದೊಡನೆ ಅದರ ಟೊಳ್ಳು ಕಾಣುತ್ತದೆ. ದಾಂಪತ್ಯನಿಷ್ಠೆ ಒಬ್ಬರಿಗೆ ಮೀಸಲಾಗಬಹುದು. ಭಾಷಾಪ್ರೀತಿಗೆ ಆ ನಿಯಮವಿಲ್ಲ. ಮಂಜೇಶ್ವರದ ಗೋವಿಂದ ಪೈಗಳು ಬಹುಭಾಷಾ ವಿದ್ವಾಂಸರು. ಕಯ್ಯಾರ ಕಿಞ್ಞಣ್ಣ ರೈಗಳು ಕನ್ನಡದಲ್ಲಿಯೂ ತುಳುವಿನಲ್ಲಿಯೂ ಬರೆದವರು. ಅವರ ಕನ್ನಡ ಅದರಿಂದ ಬಡವಾಗಲಿಲ್ಲ. ಕನ್ನಡದ ಹಕ್ಕಿಗಾಗಿ ವಾದಿಸುವವರಿಗೆ ಸತ್ಯವಾದ ಆಧಾರಗಳು ಬೇಕಾದಷ್ಟಿವೆ. ಸುಳ್ಳು ಉಪಮೆಯ ನೆರವು ಬೇಡ.

ಅಭ್ಯಾಸ: ನಿಮಗೆ ಬಂದ ಮೂರು ಮೀಮ್‌ಗಳನ್ನು ಆರಿಸಿ, ಪ್ರತಿಯೊಂದರ ಉಪಮೇಯ, ಉಪಮಾನಗಳನ್ನು ಗುರುತಿಸಿರಿ. ಲುಪ್ತವಾದ ಸಾಧಾರಣಧರ್ಮವನ್ನು ಒಂದು ಪೂರ್ಣವಾಕ್ಯದಲ್ಲಿ ಬರೆಯಿರಿ. ಆ ವಾಕ್ಯಕ್ಕೆ ನಿಮ್ಮ ಹೆಸರಿನಲ್ಲಿ ಸಹಿ ಹಾಕಬಲ್ಲಿರಾ ಎಂಬುದನ್ನು ಕಾರಣಸಹಿತ ವಿವರಿಸಿರಿ.