ಪಿಂಚಣಿ ಯಾರ ಕೃಪೆ?

ಕಾಸರಗೋಡಿನ ನಮ್ಮಲ್ಲಿ ವಿಧವಾ ಪಿಂಚಣಿ ಮಂಜೂರಾದರೆ ‘ಮೆಂಬರ್ ಮಾಡಿಸಿಕೊಟ್ಟರು’ ಎನ್ನುತ್ತೇವೆ. ಅವರು ಓಡಾಡಿದ್ದಕ್ಕೆ ಕೃತಜ್ಞತೆ ಬೇಕು, ನಿಜ. ಆದರೆ ಹಣ ನಮ್ಮೆಲ್ಲರ ತೆರಿಗೆಯದು. ಆ ಋಣವನ್ನು ಮತ ಹಾಕಿ ತೀರಿಸಬೇಕಿಲ್ಲ. ಲೂಕ 18ರ ವಿಧವೆ ಯಾರ ಶಿಫಾರಸನ್ನೂ ಹಿಡಿಯದೆ ನ್ಯಾಯಾಧೀಶನ ಬಳಿಗೆ ತಾನೇ ಹೋದಳು, ಮತ್ತೆ ಮತ್ತೆ ಹೋದಳು.

ಮಲಯಾಳಂ ಬರೆಯಲು ಬಾರದೆಂದೇ ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿ ನಾಯಕರ ಹಿಂದೆ ಅಲೆಯುತ್ತಾರೆ. ಸಂವಿಧಾನದ 350ನೇ ವಿಧಿಯಂತೆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ, ಎಂದರೆ ಕನ್ನಡದಲ್ಲೂ, ಅಧಿಕಾರಿಗೆ ಅಹವಾಲು ಸಲ್ಲಿಸಬಹುದು. ರಶೀದಿ ಕೇಳಿ ಪಡೆಯೋಣ. ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಿದೆ: ಶುಲ್ಕ 10 ರೂಪಾಯಿ, ಬಿಪಿಎಲ್‌ನವರಿಗೆ ಅದೂ ಇಲ್ಲ, ಕಡತ ಎಲ್ಲಿದೆಯೆಂದು ಕೇಳಿದರೆ 30 ದಿನಗಳೊಳಗೆ ಹೇಳಬೇಕು. ಬರೆಯಲು ನೆರವು ಬೇಕಾದವರು ಆದಿತ್ಯವಾರ ಬಲಿಪೂಜೆಯ ಬಳಿಕ ನಮ್ಮನ್ನು ಕಾಣಿರಿ.